ಮೂರನೇ ಪಿಕ್‌ಗೆ ಯಾರು? ಫೋರ್ಟಿನೈನರ್ಸ್ ಡ್ರಾಫ್ಟ್ ಚರ್ಚೆ, ಏಪ್ರಿಲ್ 2021

ಸೌತ್‌ಬೇ_ಸೋಮ · ಏಪ್ರಿಲ್ 21

ನಮ್ಮ ಸ್ಯಾನ್ ಫ್ರಾನ್ಸಿಸ್ಕೊ ಫೋರ್ಟಿನೈನರ್ಸ್‌ಗೆ ಈ ಸಲದ ಡ್ರಾಫ್ಟ್‌ನಲ್ಲಿ (ಅಮೆರಿಕನ್ ಫುಟ್‌ಬಾಲ್ ತಂಡಗಳು ಕಾಲೇಜು ಆಟಗಾರರನ್ನು ಸರದಿ ಪ್ರಕಾರ ಆರಿಸಿಕೊಳ್ಳೋದು) ಮೂರನೇ ಪಿಕ್, ಅಂದರೆ ಮೂರನೇ ಆಯ್ಕೆಯ ಸರದಿ, ಇದೆ. ಅದರಲ್ಲಿ ಯಾವ ಕ್ವಾರ್ಟರ್‌ಬ್ಯಾಕ್‌ನನ್ನು (ಚೆಂಡು ಎಸೆದು ಆಟ ನಡೆಸೋನು) ತರಬೇಕು ಅನ್ನೋದೇ ಚರ್ಚೆ. ಎರಡನೇ ಸುತ್ತಿನ ಪ್ರೊ ಡೇಗಳೂ (ಕಾಲೇಜಿನಲ್ಲೇ ತಂಡಗಳ ಮುಂದೆ ಆಟ ತೋರಿಸೋ ದಿನ) ಮುಗಿದವು. 14ಕ್ಕೆ ಫೀಲ್ಡ್ಸ್, 19ಕ್ಕೆ ಲ್ಯಾನ್ಸ್, ಎರಡನ್ನೂ ನಮ್ಮವರು ಹೋಗಿ ನೋಡಿ ಬಂದಿದ್ದಾರೆ. ಮ್ಯಾಕ್ ಜೋನ್ಸ್‌ನನ್ನು ಮಾರ್ಚ್ 30ಕ್ಕೇ ನೋಡಿಯಾಗಿದೆ. ಈ ವರ್ಷ ಕಂಬೈನ್ (ಎಲ್ಲ ಆಟಗಾರರನ್ನೂ ಒಂದೇ ಕಡೆ ಸೇರಿಸಿ ಪರೀಕ್ಷಿಸೋದು) ಇಲ್ಲದ ಕಾರಣ ಇನ್ನು ನೋಡೋಕೆ ಉಳಿದಿರೋದು ಹಳೇ ಟೇಪ್ (ಪಂದ್ಯದ ವಿಡಿಯೊ) ಮಾತ್ರ.

ಹೊಸದಾಗಿ ಬಂದವರಿಗೆ ಹಿನ್ನೆಲೆ: ಮಾರ್ಚ್ 26ರಂದು ಮಯಾಮಿಗೆ ನಮ್ಮ 12ನೇ ಪಿಕ್, 2022 ಮತ್ತು 2023ರ ಮೊದಲ ಸುತ್ತಿನ ಪಿಕ್‌ಗಳು, ಜೊತೆಗೆ 2022ರ ಒಂದು ಮೂರನೇ ಸುತ್ತಿನ ಪಿಕ್ ಕೊಟ್ಟು 3ನೇ ಸ್ಥಾನಕ್ಕೆ ಏರಿದ್ದೇವೆ. ಜಾಕ್ಸನ್‌ವಿಲ್ ಲಾರೆನ್ಸ್‌ನನ್ನು, ಜೆಟ್ಸ್ ಜ್ಯಾಕ್ ವಿಲ್ಸನ್‌ನನ್ನು ತಗೊಳ್ಳೋದು ಹೆಚ್ಚುಕಡಿಮೆ ಖಚಿತ. ನಮಗೆ ಉಳಿಯೋದು ಮೂವರು: ಅಲಬಾಮಾದ ಮ್ಯಾಕ್ ಜೋನ್ಸ್, ಒಹಾಯೊ ಸ್ಟೇಟ್‌ನ ಜಸ್ಟಿನ್ ಫೀಲ್ಡ್ಸ್, ನಾರ್ತ್ ಡಕೋಟಾ ಸ್ಟೇಟ್‌ನ ಟ್ರೇ ಲ್ಯಾನ್ಸ್.

29ರ ಗುರುವಾರ ಸಂಜೆ 5ಕ್ಕೆ ಇಲ್ಲಿ, ಕ್ಯಾಲಿಫೋರ್ನಿಯಾದಲ್ಲಿ, ಡ್ರಾಫ್ಟ್ ಶುರು, ಊರಲ್ಲಿರೋರಿಗೆ ಶುಕ್ರವಾರ ಬೆಳಗಿನ ಜಾವ 5:30. ಮೊದಲ ಸುತ್ತಲ್ಲಿ ಪ್ರತಿ ಪಿಕ್‌ಗೆ 10 ನಿಮಿಷ. ಅಂದರೆ ಊರಲ್ಲಿ ಆರು ಗಂಟೆ ಹೊತ್ತಿಗೆ ನಮ್ಮ ಹೆಸರು ಗೊತ್ತಾಗಿರುತ್ತೆ. ಬರೀ ಹೆಸರು ಹೇಳಿ ಹೋಗಬೇಡಿ, ನಮ್ಮ ಕೋಚ್ ಕೈಲ್ ಶ್ಯಾನಹನ್‌ನ ಆಟಕ್ಕೆ ಅವನು ಹೇಗೆ ಕೂರುತ್ತಾನೆ ಅನ್ನೋದನ್ನೂ ಬರೀರಿ.

ಟೇಪ್_ತಿಮ್ಮ

ನನ್ನ ಆಯ್ಕೆ ಮ್ಯಾಕ್ ಜೋನ್ಸ್. ಇಲ್ಲಿ ಅವನ ಬಗ್ಗೆ ಇರೋ ಅಸಡ್ಡೆ ಅವನ ಟೇಪ್ ನೋಡಿದವರದ್ದಲ್ಲ.

ಶ್ಯಾನಹನ್ ಪಾಸಿಂಗ್ ನಿಂತಿರೋದೇ ಸಮಯದ ಮೇಲೆ. ಸೆಂಟರ್ (ಚೆಂಡು ಹಿಂದಕ್ಕೆ ಕೊಡೋ ನಡುವಿನ ಆಟಗಾರ) ಹಿಂದೆಯೇ ನಿಂತು ಚೆಂಡು ತಗೊಂಡು, ಓಟದ ಆಟ ಅನ್ನೋ ಹಾಗೆ ತೋರಿಸಿ, ಐದು ಹೆಜ್ಜೆ ಹಿಂದೆ ಹೋಗಿ, ಕೊನೇ ಹೆಜ್ಜೆ ಊರಿದ ಮೇಲೆ ಒಂದೇ ಒಂದು ಸಣ್ಣ ಹೆಜ್ಜೆ ಮುಂದಿಟ್ಟು ಎಸೀಬೇಕು. ಆ ಹೆಜ್ಜೆ ಎರಡಾದರೆ ಆಟ ಕೆಟ್ಟಿತು. ಅಡ್ಡ ಓಡ್ತಿರೋ ನಮ್ಮ ರಿಸೀವರ್ (ಎಸೆತ ಹಿಡಿಯೋನು) ಡೀಬೋನೋ ಐಯುಕ್‌ನೋ ಲೈನ್‌ಬ್ಯಾಕರ್ (ಡಿಫೆನ್ಸ್‌ನ ಎರಡನೇ ಸಾಲಿನವನು) ಹಿಂದಿನ ಖಾಲಿ ಜಾಗ ದಾಟಿ ಆಚೆ ಕಾರ್ನರ್ (ರಿಸೀವರ್‌ನನ್ನು ಕಾಯೋನು) ಕೈಗೆ ಸಿಕ್ಕಿಬಿಡ್ತಾನೆ. ಚೆಂಡು ಓಡ್ತಿರೋನ ಎದೆಗೆ, ಓಟ ನಿಲ್ಲದ ಹಾಗೆ ಬಂದರೆ ಮಾತ್ರ ಹಿಡಿದ ಮೇಲಿನ ಗಜಗಳು ಸಿಗೋದು. ಅರ್ಧ ಗಜ ಹಿಂದೆ ಬಿದ್ದರೆ ಅವನು ನಿಂತು, ತಿರುಗಿ ಹಿಡೀಬೇಕು. 25 ಗಜದ ಆಟ 11ಕ್ಕೆ ಮುಗೀತದೆ.

ಈ ಕೆಲಸದಲ್ಲಿ ಮೂವರಲ್ಲಿ ಜೋನ್ಸ್ ಮುಂದೆ. 2020ರಲ್ಲಿ 402 ಎಸೆತಕ್ಕೆ 311 ಪೂರ್ಣ, 77.4 ಶೇಕಡ, ಕಾಲೇಜು ಆಟದ ದಾಖಲೆ. 4,500 ಗಜ, 41 ಟಚ್‌ಡೌನ್ (ಗೆರೆ ದಾಟಿ ಅಂಕ ತಂದ ಎಸೆತ), 4 ಇಂಟರ್‌ಸೆಪ್ಷನ್ (ಎದುರಾಳಿ ಕೈಗೆ ಸಿಕ್ಕ ಎಸೆತ). ಫೈನಲ್‌ನಲ್ಲಿ ಒಹಾಯೊ ಸ್ಟೇಟ್ ಮೇಲೆ 45ಕ್ಕೆ 36, 464 ಗಜ, 5 ಟಚ್‌ಡೌನ್. ಅವನಿಗೆ ಆಟ ಹೇಳಿಕೊಟ್ಟ ಸಾರ್ಕಿಸಿಯನ್, ಶ್ಯಾನಹನ್ ಅಟ್ಲಾಂಟಾ ಬಿಟ್ಟ ಮೇಲೆ ಅದೇ ಕುರ್ಚಿಯಲ್ಲಿ ಕೂತು ಎರಡು ವರ್ಷ ಕೆಲಸ ಮಾಡಿದವರು. ಅಲ್ಲಿನ ಎಷ್ಟೋ ಆಟಗಳು ಜೋನ್ಸ್‌ಗೆ ಆಗಲೇ ಪರಿಚಿತ.

ಔಟ್‌ಸೈಡ್‌ಜೋನ್_ಉಮೇಶ

ತಿಮ್ಮ, ನೀವು ಹೇಳಿದ ಹೆಜ್ಜೆಯ ಲೆಕ್ಕ ಪೂರ್ತಿ ಸರಿ, ಅದರಿಂದ ಹೊರಡೋ ಉತ್ತರ ಬೇರೆ. ಅಲಬಾಮಾ ಬಹುಪಾಲು ಶಾಟ್‌ಗನ್‌ನಿಂದ (ಕ್ವಾರ್ಟರ್‌ಬ್ಯಾಕ್ ಸೆಂಟರ್‌ನಿಂದ ಕೆಲವು ಗಜ ಹಿಂದೆ ನಿಲ್ಲೋದು) ಆಡಿದ ತಂಡ. ಸ್ನ್ಯಾಪ್ (ಸೆಂಟರ್ ಕೊಡೋ ಚೆಂಡು) ಕೈಗೆ ಬರೋವಾಗ ಜೋನ್ಸ್‌ನ ಕಣ್ಣ ಮುಂದೆ ಇಡೀ ಡಿಫೆನ್ಸ್ ಇರುತ್ತೆ. ಒಬ್ಬ ಲೈನ್‌ಬ್ಯಾಕರ್‌ನ ಮೇಲೆ ಕಣ್ಣಿಟ್ಟು, ಅವನು ಮುಂದೆ ಬಂದರೆ ಅವನ ತಲೆ ಮೇಲೆ ಎಸೆಯೋದು, ಹಿಂದೆ ಸರಿದರೆ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡೋನು) ನಾಜಿ ಹ್ಯಾರಿಸ್‌ಗೆ ಕೊಡೋದು. ಅದು ಬೇರೆ ಕೌಶಲ.

ನಮ್ಮ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಡಿಫೆನ್ಸ್‌ಗೆ ಬೆನ್ನು ತಿರುಗಿಸಬೇಕು. ಕೈ ಚಾಚಿ ಚೆಂಡು ಕೊಡೋ ಹಾಗೆ ತೋರಿಸೋವಷ್ಟು ಹೊತ್ತು ಅವನು ಕುರುಡ. ತಲೆ ತಿರುಗಿಸಿದ ಕ್ಷಣ ಮಧ್ಯದ ಲೈನ್‌ಬ್ಯಾಕರ್ ಎಲ್ಲಿದ್ದಾನೆ, ಸೇಫ್ಟಿ (ಎಲ್ಲರ ಹಿಂದಿರೋ ಕಾವಲುಗಾರ) ಎಷ್ಟು ಆಳದಲ್ಲಿದ್ದಾನೆ, ಸ್ನ್ಯಾಪ್‌ಗೆ ಮುಂಚೆ ಇಬ್ಬರು ಹಿಂದಿದ್ದವರು ಈಗ ಒಬ್ಬನೇ ಆಗಿದ್ದಾನಾ, ಇಷ್ಟನ್ನೂ ಹೊಸದಾಗಿ ಹುಡುಕಬೇಕು. ನಮ್ಮ ಈಗಿನ ಕ್ವಾರ್ಟರ್‌ಬ್ಯಾಕ್ ಗರೋಪೊಲೊ ಲೈನ್‌ಬ್ಯಾಕರ್ ಕೈಗೇ ಚೆಂಡು ಎಸೆಯೋ ಆಟಗಳಲ್ಲಿ ಬಹಳಷ್ಟು ಇಲ್ಲೇ ಹುಟ್ಟೋದು. ತಲೆ ತಿರುಗಿದ ಮೇಲೆ ಮಧ್ಯದವನನ್ನು ಹುಡುಕದೇ ಎಸೆದುಬಿಡ್ತಾನೆ.

ಈ ಮೂವರಲ್ಲಿ ಸೆಂಟರ್ ಹಿಂದೆ ನಿಂತು, ಫುಲ್‌ಬ್ಯಾಕ್ ಇಟ್ಟುಕೊಂಡು, ಬೆನ್ನು ತಿರುಗಿಸೋ ಪ್ಲೇ ಆ್ಯಕ್ಷನ್ (ಓಟ ಅಂತ ತೋರಿಸಿ ಎಸೆಯೋದು) ಅತಿ ಹೆಚ್ಚು ಆಡಿರೋದು ಟ್ರೇ ಲ್ಯಾನ್ಸ್. ನಾರ್ತ್ ಡಕೋಟಾ ಸ್ಟೇಟ್ ಇವತ್ತಿಗೂ ಹಾಗೇ ಆಡುತ್ತೆ. ಸ್ನ್ಯಾಪ್‌ಗೆ ಮುಂಚೆ ಲೈನ್‌ನವರಿಗೆ ಯಾರನ್ನು ಯಾರು ತಡೀಬೇಕು ಅಂತ ಹೇಳೋ ಹೊಣೆಯೂ ಅಲ್ಲಿ ಕ್ವಾರ್ಟರ್‌ಬ್ಯಾಕ್‌ದೇ. ಹೆಚ್ಚಿನ ಕಾಲೇಜುಗಳಲ್ಲಿ ಅದನ್ನು ಸೆಂಟರ್‌ಗೋ ಕೋಚ್‌ಗೋ ಬಿಟ್ಟಿರ್ತಾರೆ. 2019ರಲ್ಲಿ 16 ಪಂದ್ಯ, 16 ಗೆಲುವು, 287 ಎಸೆತ, 28 ಟಚ್‌ಡೌನ್, ಇಂಟರ್‌ಸೆಪ್ಷನ್ ಸೊನ್ನೆ. ಮೇಲೆ 1,100 ಗಜ ಓಟ, ಅದರಲ್ಲಿ 14 ಟಚ್‌ಡೌನ್. ವಯಸ್ಸು 20.

ಓಟದ ವಿಷಯ ಅಲಂಕಾರದ್ದಲ್ಲ, ಎಣಿಕೆಯದ್ದು. ಓಡದ ಕ್ವಾರ್ಟರ್‌ಬ್ಯಾಕ್ ಚೆಂಡು ಕೊಟ್ಟ ಕ್ಷಣ ಲೆಕ್ಕದಿಂದ ಹೊರಗೆ. ನಮ್ಮ ಹತ್ತು ಜನಕ್ಕೆ ಅವರ ಹನ್ನೊಂದು. ಔಟ್‌ಸೈಡ್ ಜೋನ್‌ನಲ್ಲಿ (ಇಡೀ ಲೈನ್ ಒಂದೇ ಪಕ್ಕಕ್ಕೆ ಸರಿಯೋ ನಮ್ಮ ಓಟದ ಆಟ) ಹಿಂಬದಿಯ ಎಂಡ್ (ಡಿಫೆನ್ಸ್ ಸಾಲಿನ ಅಂಚಿನವನು) ಓಡಿಬಂದು ನಮ್ಮ ರನ್ನಿಂಗ್ ಬ್ಯಾಕ್ ಮಾಸ್ಟರ್ಟ್‌ನ ಕಾಲು ಹಿಡಿಯೋದು ಇದೇ ಕಾರಣಕ್ಕೆ. ಕ್ವಾರ್ಟರ್‌ಬ್ಯಾಕ್ ಚೆಂಡು ಇಟ್ಟುಕೊಂಡು ಆ ಕಡೆ ಓಡಬಲ್ಲ ಅಂದರೆ ಆ ಎಂಡ್ ನಿಂತಲ್ಲೇ ನಿಲ್ಲಬೇಕು. ಯಾರೂ ಮುಟ್ಟದೇ ಅವನು ಆಟದಿಂದ ಹೊರಗೆ, ಅವನನ್ನು ತಡೀಬೇಕಿದ್ದ ನಮ್ಮವನು ಲೈನ್‌ಬ್ಯಾಕರ್ ಮೇಲೆ ಹೋಗಬಹುದು.

ಧಾರವಾಡ_ಡೀಪ್‌ಬಾಲ್

ನೋಡ್ರಿ, ಇಬ್ಬರೂ ಕೂಡಿ ಫೀಲ್ಡ್ಸ್‌ನ ಮರತೇ ಬಿಟ್ಟೀರಿ. ಎರಡು ವರ್ಷದಾಗ 63 ಟಚ್‌ಡೌನ್, 9 ಇಂಟರ್‌ಸೆಪ್ಷನ್. ಅದೂ ಬಿಗ್ ಟೆನ್‌ನಾಗ (ದೊಡ್ಡ ಕಾಲೇಜುಗಳ ಲೀಗ್). 22 ಪಂದ್ಯ ಶುರುವಿನಿಂದ ಆಡ್ಯಾನ. ಜೋನ್ಸ್ 17, ಲ್ಯಾನ್ಸ್ 17. 227 ಪೌಂಡ್ ತೂಗೋ ಹುಡುಗ 40 ಗಜ 4.44 ಸೆಕೆಂಡಿನಾಗ ಓಡ್ಯಾನ.

"ಚೆಂಡು ಭಾಳ ಹೊತ್ತು ಹಿಡಕೊಂಡ ನಿಲ್ತಾನ" ಅಂತ ಎಲ್ಲಾರೂ ಹೇಳ್ತಾರ. ಯಾಕ ನಿಲ್ತಾನ ಅಂತ ಕೇಳ್ರಿ. ಒಹಾಯೊ ಸ್ಟೇಟ್‌ನಾಗ ರಿಸೀವರ್ ಓಡಿಕೋತನ ದಾರಿ ಬದಲಸ್ತಾನ. ಕಾರ್ನರ್ ಹಿಂದ ಸರದ್ರ ನಿಲ್ತಾನ, ಮುಂದ ಬಂದ್ರ ದಾಟಿ ಹೋಗ್ತಾನ. ಅಂವ ಏನು ಮಾಡ್ತಾನ ಅಂತ ಕಣ್ಣಿಲೆ ನೋಡಿದ ಮ್ಯಾಲೇ ಎಸೀಬೇಕು, ಮದಲ ಎಸದ್ರ ಚೆಂಡು ಖಾಲಿ ಹುಲ್ಲಿನ ಮ್ಯಾಲ ಬೀಳ್ತದ. ಶ್ಯಾನಹನ್ ಕಡೆ ದಾರಿ ಮದಲ ಬರದಿಟ್ಟಿರ್ತದ, ಆ ಕಾಯೋ ಕೆಲಸನ ಇಲ್ಲ.

ಇಂಡಿಯಾನಾ ಪಂದ್ಯದಾಗ ಮೂರು ಇಂಟರ್‌ಸೆಪ್ಷನ್ ಕೊಟ್ಟಾನ, ನಾರ್ತ್‌ವೆಸ್ಟರ್ನ್ ಮ್ಯಾಲ 27ಕ್ಕ 12 ಅಷ್ಟ, 114 ಗಜ, ಎರಡು ಇಂಟರ್‌ಸೆಪ್ಷನ್. ಮುಚ್ಚಿಡಾಕ ಹೋಗೂದಿಲ್ಲ. ಇಂಡಿಯಾನಾ ಬ್ಲಿಟ್ಜ್ (ಹೆಚ್ಚು ಮಂದಿ ಕ್ವಾರ್ಟರ್‌ಬ್ಯಾಕ್ ಮ್ಯಾಲ ನುಗ್ಗೂದು) ಬರೂ ಹಂಗ ತೋರಿಸಿ ಹಿಂದ ಸರೀತು, ಬ್ಯಾರೆ ಕಡೆಯಿಂದ ಬಂತು, ಅಂವ ಅದನ್ನ ತಡಾ ಮಾಡಿ ಓದಿದ. ಕಲಿಸಬೇಕಾದ್ದು ಅದೊಂದ. ಆಮ್ಯಾಲ ಶುಗರ್ ಬೌಲ್ ನೋಡ್ರಿ. ಕ್ಲೆಮ್ಸನ್ ಲೈನ್‌ಬ್ಯಾಕರ್ ಹೆಲ್ಮೆಟ್ ಪಕ್ಕೆಲುಬಿಗೆ ಹೊಡದ, ಆ ಹೊಡತಕ್ಕ ಅವನ್ನ ಪಂದ್ಯದಿಂದನ ಹೊರಗ ಹಾಕಿದ್ರು. ಫೀಲ್ಡ್ಸ್ ಒಂದು ಆಟ ಹೊರಗ ಕುಂತು ಬಂದು, ಬಂದ ಕೂಡ್ಲೇ ಓಲಾವೆಗೆ ಟಚ್‌ಡೌನ್ ಎಸದ. ಆ ರಾತ್ರಿ ಒಟ್ಟು 28ಕ್ಕ 22, 385 ಗಜ, ಆರು ಟಚ್‌ಡೌನ್. ನೋವು ನುಂಗಿ ಪಾಕೆಟ್‌ನಾಗ (ಲೈನ್‌ನವರ ಕಾವಲಿನೊಳಗ) ನಿಂತು ಆಡೂದು ಯಾವ ಪ್ರೊ ಡೇದಾಗೂ ಕಾಣೂದಿಲ್ಲ.

ಕ್ಯಾಪ್_ಲೆಕ್ಕಿಗ

ಆಟದ ಮಾತಿನ ನಡುವೆ ಬೆಲೆಯ ಮಾತೂ ಬರಬೇಕು. ಈ ಚರ್ಚೆ ಅರ್ಧ ನಿರ್ಧಾರ ಆಗೋದು ಅಲ್ಲೇ.

ಹಳೇ ಜಿಮ್ಮಿ ಜಾನ್ಸನ್ ಪಟ್ಟಿ (ಪ್ರತಿ ಪಿಕ್‌ಗೂ ಅಂಕದಲ್ಲಿ ಬೆಲೆ ಕಟ್ಟೋದು) ಪ್ರಕಾರ 3ನೇ ಪಿಕ್ 2200 ಅಂಕ, 12ನೇದು 1200. ಅಂತರ ಸಾವಿರ. ಮುಂದಿನ ವರ್ಷದ ಪಿಕ್‌ನ ಒಂದು ಸುತ್ತು ಕೆಳಗೆ ಎಣಿಸೋದು ರೂಢಿ. ಹಾಗೆ ಮಾಡಿದರೆ 2022ರ ಮೊದಲ ಸುತ್ತು ಎರಡನೇ ಸುತ್ತಿನ ನಡುವಿನ 420, 2023ರದ್ದು ಮೂರನೇ ಸುತ್ತಿನ ನಡುವಿನ 190, ಆ ಮೂರನೇ ಸುತ್ತಿನದ್ದು 40ರ ಆಸುಪಾಸು. ಒಟ್ಟು ಸುಮಾರು 1850. ಅಂದರೆ ನಾವು ಲಾಭದಲ್ಲಿ! ರೂಢಿ ಬಿಟ್ಟು ಎರಡೂ ಮೊದಲ ಸುತ್ತನ್ನು ಮಧ್ಯದ 16ನೇ ಪಿಕ್ ಬೆಲೆಗೆ, ತಲಾ ಸಾವಿರಕ್ಕೆ ಹಿಡಿದರೆ 3200 ದಾಟುತ್ತೆ, ಸಾವಿರ ಅಂಕ ನಷ್ಟ. ನನ್ನ ಪ್ರಕಾರ ಎರಡನೇ ಲೆಕ್ಕವೇ ನಿಜಕ್ಕೆ ಹತ್ತಿರ. 2022ರಲ್ಲಿ ಬರೋ ಆಟಗಾರ ಒಂದು ವರ್ಷ ತಡವಾಗಿ ಬರ್ತಾನೆ ಅಷ್ಟೇ, ಎರಡನೇ ಸುತ್ತಿನ ಆಟಗಾರ ಆಗಿಬಿಡೋಲ್ಲ.

ಇಷ್ಟು ಕೊಟ್ಟಿರೋದು ಯಾಕೆ? 2018ರಿಂದ 2020ರವರೆಗಿನ 48 ಪಂದ್ಯಗಳಲ್ಲಿ ಗರೋಪೊಲೊ ಆಡಿದ್ದು 25. ಈ ವರ್ಷ ಅವನ ಹೊರೆ ಸುಮಾರು 26 ಮಿಲಿಯನ್ ಡಾಲರ್, ಅದೂ ಲೀಗ್‌ನ ಪ್ರತಿ ತಂಡದ ಕ್ಯಾಪ್ (ಸಂಬಳದ ಮಿತಿ) 198.2ರಿಂದ 182.5 ಮಿಲಿಯನ್‌ಗೆ ಇಳಿದಿರೋ ವರ್ಷ. ಬಿಟ್ಟುಕೊಟ್ಟರೆ ನಮ್ಮ ತಲೆ ಮೇಲೆ ಉಳಿಯೋದು 3 ಮಿಲಿಯನ್ ಒಳಗೆ. ಮೂರನೇ ಪಿಕ್‌ನ ಹುಡುಗ ನಾಲ್ಕು ವರ್ಷ ಸೇರಿ 34 ಮಿಲಿಯನ್ ಸುತ್ತ, ಮೇಲೆ ಐದನೇ ವರ್ಷ ನಮ್ಮ ಇಚ್ಛೆ. ನಮ್ಮ ಡಿಫೆನ್ಸ್‌ನ ಫ್ರೆಡ್ ವಾರ್ನರ್‌ನ ಹೊಸ ಒಪ್ಪಂದ ಈ ಬೇಸಿಗೆಯಲ್ಲಿ, ಬೋಸಾನದ್ದು ಆಮೇಲೆ. ಆ ದುಡ್ಡು ಬರೋದು ಇಲ್ಲಿಂದಲೇ.

ಈಗ ಜೋನ್ಸ್ ಮಾತು. ಮೊದಲ ಎರಡು ಪಿಕ್ ಲಾರೆನ್ಸ್, ವಿಲ್ಸನ್ ಆದಮೇಲೆ ಅಟ್ಲಾಂಟಾಗೆ ಮ್ಯಾಟ್ ರಯನ್ ಇದ್ದಾನೆ, ಸಿನ್ಸಿನಾಟಿಗೆ ಜೋ ಬರೋ (Burrow) ಇದ್ದಾನೆ, ಕ್ಯಾರೊಲಿನಾ ಡಾರ್ನಲ್ಡ್‌ನನ್ನು ತಂದುಕೊಂಡಿದೆ. ಜೋನ್ಸ್ 9ರವರೆಗೆ ಉಳಿಯೋ ಸಾಧ್ಯತೆ ಚೆನ್ನಾಗಿಯೇ ಇತ್ತು. 12ರಿಂದ 8ಕ್ಕೋ 7ಕ್ಕೋ ಏರೋಕೆ ಎರಡು ಮೊದಲ ಸುತ್ತು ಬೇಕಿರಲಿಲ್ಲ. ಮೂರಕ್ಕೆ ಏರಿದ ಮೇಲೆ ಆ ಬೆಲೆಗೆ ತಕ್ಕ ಎತ್ತರ ಇರೋನನ್ನೇ ತರಬೇಕು. ಗರೋಪೊಲೊ ಮಾಡೋದನ್ನೇ ಇನ್ನಷ್ಟು ಚೆನ್ನಾಗಿ, ಗಾಯ ಇಲ್ಲದೇ ಮಾಡೋನು ಸಾಲದು.

ಟೇಪ್_ತಿಮ್ಮ

ಲೆಕ್ಕಿಗರೇ, ಕೊಟ್ಟ ಬೆಲೆ ಹೋಯಿತು, ಅದು ವಾಪಸ್ ಬರೋಲ್ಲ. 29ರ ಸಂಜೆ ಕೇಳಬೇಕಾದ ಪ್ರಶ್ನೆ ಒಂದೇ: ಮೂವರಲ್ಲಿ ನಮಗೆ ಹೆಚ್ಚು ಪಂದ್ಯ ಗೆದ್ದುಕೊಡೋನು ಯಾರು? ಬೆಲೆ ಜಾಸ್ತಿ ಕೊಟ್ಟೆವು ಅಂತ ಹೆಚ್ಚು ಅಪಾಯ ಇರೋನನ್ನು ಆರಿಸೋದು ಎರಡನೇ ತಪ್ಪು.

ಲ್ಯಾನ್ಸ್ ಟೇಪ್‌ನಲ್ಲಿ ನನಗೆ ಕಾಡೋದು ಇದು. 16 ಪಂದ್ಯಕ್ಕೆ 287 ಎಸೆತ ಅಂದರೆ ಪಂದ್ಯಕ್ಕೆ 18. ಜೇಮ್ಸ್ ಮ್ಯಾಡಿಸನ್ ಮೇಲಿನ ಫೈನಲ್‌ನಲ್ಲಿ 30 ಸಲ ಓಡಿದ, 166 ಗಜ. ಎಸೆದಿದ್ದು ಹತ್ತೇ ಸಲ, 72 ಗಜ. 2020ರಲ್ಲಿ ಆಡಿದ ಒಂದೇ ಪಂದ್ಯ ಸೆಂಟ್ರಲ್ ಆರ್ಕನ್ಸಾ ಮೇಲೆ, ಅಲ್ಲಿ 30ಕ್ಕೆ 15. ತಂಡ ಹಿಂದೆ ಬಿದ್ದಾಗ, ಮೂರನೇ ಡೌನ್‌ಗೆ (10 ಗಜ ದಾಟೋಕೆ ಸಿಗೋ ನಾಲ್ಕು ಅವಕಾಶದಲ್ಲಿ ಮೂರನೇದು) 10 ಗಜ ಬೇಕಿದ್ದಾಗ, ಪ್ಲೇ ಆ್ಯಕ್ಷನ್ ಯಾರೂ ನಂಬದಿದ್ದಾಗ ಅವನು ಏನು ಮಾಡ್ತಾನೆ ಅನ್ನೋ ಟೇಪ್ ಬೆರಳೆಣಿಕೆಯಷ್ಟು. ಸೊನ್ನೆ ಇಂಟರ್‌ಸೆಪ್ಷನ್ ಅನ್ನೋದು ಒಳ್ಳೇ ಸಂಖ್ಯೆ, ಆದರೆ ಆ ಎರಡನೇ ಹಂತದ ಕಾಲೇಜು ಮಟ್ಟದಲ್ಲಿ ರಿಸೀವರ್ ಮೂರು ಗಜ ಬಿಡುವಾಗಿ ನಿಂತಿರ್ತಾನೆ. ನಮ್ಮಲ್ಲಿ ಒಂದು ಗಜ ಸಿಕ್ಕರೆ ಪುಣ್ಯ.

ಔಟ್‌ಸೈಡ್‌ಜೋನ್_ಉಮೇಶ

ಜೋನ್ಸ್‌ಗೂ ಅದೇ ಪ್ರಶ್ನೆ ಹಾಕಿ. ಅವನ ರಿಸೀವರ್ ಡೆವಾಂಟಾ ಸ್ಮಿತ್ ಹೈಸ್ಮನ್ (ಕಾಲೇಜಿನ ಅತ್ಯುತ್ತಮ ಆಟಗಾರನ ಪ್ರಶಸ್ತಿ) ಗೆದ್ದ. ವಾಡಲ್ ಟೆನೆಸೀ ಪಂದ್ಯದಲ್ಲಿ ಕಾಲು ಮುರ್ಕೊಳ್ಳೋವರೆಗೂ ಆ ಕಡೆ ಅವನು. ಮುಂದೆ ಆ ವರ್ಷದ ಅತ್ಯುತ್ತಮ ಲೈನ್ ಅಂತ ಜೋ ಮೂರ್ ಪ್ರಶಸ್ತಿ ಪಡೆದ ಐವರು. ಅವನ ರಿಸೀವರ್‌ಗಳೂ ಮೂರು ಗಜ ಬಿಡುವಾಗೇ ನಿಂತಿರ್ತಿದ್ದರು, ಅಲ್ಲಿ ಕಾರಣ ಎದುರಾಳಿ ಅಲ್ಲ, ಜೊತೆಗಾರರು.

2019ರ ಆಬರ್ನ್ ಪಂದ್ಯ ಹಾಕಿ ನೋಡಿ. 48–45ರಲ್ಲಿ ಸೋತಿದ್ದು. ಗೆರೆಯ ಹತ್ತಿರ ಒತ್ತಡದಲ್ಲಿ ಆತುರದಿಂದ ಎಸೆದ ಚೆಂಡು ತಮ್ಮದೇ ರನ್ನಿಂಗ್ ಬ್ಯಾಕ್‌ನ ಬೆನ್ನಿಗೆ ಬಡಿದು ಮೇಲೆದ್ದು ಲೈನ್‌ಬ್ಯಾಕರ್ ಕೈಗೆ ಬಿತ್ತು, ಅವನು 100 ಗಜ ಓಡಿ ಟಚ್‌ಡೌನ್ ಮಾಡಿದ. ಆ ಪಂದ್ಯದಲ್ಲಿ ಅಂಥವು ಎರಡು. ಕಾಲಿನ ಹತ್ತಿರ ಜನ ಬಂದಾಗ ಅವನ ಹತ್ತಿರ ಬೇರೆ ದಾರಿ ಇಲ್ಲ, ಓಡಿ ತಪ್ಪಿಸಿಕೊಳ್ಳಲಾರ.

ಎ_ಗ್ಯಾಪ್

ತೋಳಿನ ಬಲದ ಬಗ್ಗೆ ಯಾರೂ ಸರಿಯಾಗಿ ಅಳೆದು ಮಾತಾಡ್ತಿಲ್ಲ, ಅದಕ್ಕೆ ಒಂದು ವಿಷಯ.

ಮೈದಾನದ ಅಗಲ ಎರಡೂ ಕಡೆ ಒಂದೇ, 160 ಅಡಿ. ಕಾಲೇಜಿನಲ್ಲಿ ಎರಡು ಹ್ಯಾಶ್ ಗೆರೆಗಳ (ಪ್ರತಿ ಆಟ ಶುರುವಾಗೋ ಜಾಗದ ಎಡಬಲ ಮಿತಿ) ನಡುವೆ 40 ಅಡಿ, ವೃತ್ತಿಪರ ಲೀಗ್‌ನಲ್ಲಿ 18 ಅಡಿ 6 ಅಂಗುಲ. ಕಾಲೇಜಲ್ಲಿ ಚೆಂಡು ಎಡ ಹ್ಯಾಶ್ ಮೇಲಿದ್ದಾಗ ಬಲ ಗೆರೆಗೆ 100 ಅಡಿ ಅಡ್ಡ ದೂರ, ಲೀಗ್‌ನಲ್ಲಿ ಹೆಚ್ಚೆಂದರೆ 89 ಅಡಿ ಚಿಲ್ಲರೆ. 15 ಗಜ ಮುಂದೆ ಹೋಗಿ ಗೆರೆ ಕಡೆ ತಿರುಗೋ ಔಟ್ ರೂಟ್‌ನ ಕಾಲೇಜಲ್ಲಿ ದೂರದ ಹ್ಯಾಶ್‌ನಿಂದ ಸಮಯಕ್ಕೆ ಸರಿಯಾಗಿ ಎಸೆದೋನು ಇಲ್ಲಿ ಧಾರಾಳವಾಗಿ ಎಸೀತಾನೆ. ಟೇಪ್ ನೋಡೋವಾಗ ಸ್ನ್ಯಾಪ್ ಯಾವ ಹ್ಯಾಶ್‌ನಿಂದ ಆಯ್ತು ಅಂತ ಮೊದಲು ನೋಡಿ, ಆಮೇಲೆ ರಿಸೀವರ್ ತಿರುಗೋ ಹೊತ್ತಿಗೆ ಚೆಂಡು ಕೈ ಬಿಟ್ಟಿದೆಯಾ, ಗಾಳಿಯಲ್ಲಿ ಚೆಂಡು ಕಮಾನು ಹಾಕ್ತಿದೆಯಾ ನೇರ ಹೋಗ್ತಿದೆಯಾ ಅಂತ ನೋಡಿ.

ಫೀಲ್ಡ್ಸ್‌ಗೆ ಇದು ಸಲೀಸು. ಲ್ಯಾನ್ಸ್‌ಗೂ ಬಲ ಸಾಕಷ್ಟಿದೆ, ಆದರೆ ಅವನ ಎಡಗಾಲು ಗುರಿಯಿಂದ ಆಚೆ ಬೀಳ್ತದೆ, ಆಗ ಚೆಂಡು ಎತ್ತರ ಹೋಗ್ತದೆ. ಕಾಲಿನ ತಪ್ಪು, ತೋಳಿನದ್ದಲ್ಲ. ಅದು ತಿದ್ದಬಹುದಾದ್ದು, ಆದರೆ ಒಂದು ಬೇಸಿಗೆಯ ಕೆಲಸ ಅಲ್ಲ. ಜೋನ್ಸ್ ಇಂಥ ಎಸೆತಕ್ಕೆ ಅರ್ಧ ಸೆಕೆಂಡ್ ಮುಂಚೆ ಬಿಟ್ಟು ಬಲದ ಕೊರತೆ ತುಂಬ್ತಾನೆ. ಅವನು ಸರಿಯಾಗಿ ಊಹಿಸಿದಾಗ ನೋಡೋಕೆ ಬಲು ಸೊಗಸು. ಕಾರ್ನರ್ ಮೊದಲೇ ಊಹಿಸಿದರೆ ಚೆಂಡು ಅವನದು, ಎದುರಿಗೆ ಯಾರೂ ಇಲ್ಲ.

ಸೌತ್‌ಬೇ_ಸೋಮ

ಇದು ಮುಖ್ಯ. ಶ್ಯಾನಹನ್ ಆಟ ಇಷ್ಟು ವರ್ಷ ಹೆಚ್ಚಾಗಿ ಮೈದಾನದ ನಡುವೆ ನಡೆದಿದೆ. ಗ್ರೀನ್ ಬೇ ಮೇಲಿನ ಎನ್‌ಎಫ್‌ಸಿ ಫೈನಲ್ (ಸೂಪರ್ ಬೌಲ್‌ಗೆ ಮುಂಚಿನ ಪಂದ್ಯ) ಗೆದ್ದದ್ದು ಎಂಟೇ ಎಸೆತದಲ್ಲಿ, ಮಾಸ್ಟರ್ಟ್ 220 ಗಜ ಓಡಿದ. ಸೂಪರ್ ಬೌಲ್‌ನಲ್ಲಿ ಕೊನೇ ಕ್ವಾರ್ಟರ್‌ನಲ್ಲಿ 20–10 ಮುಂದಿದ್ದೆವು. 1:40 ಉಳಿದಿದ್ದಾಗ, ಮೂರನೇ ಡೌನ್‌ಗೆ 10 ಗಜ ಬೇಕಿದ್ದಾಗ ನಮ್ಮ ರಿಸೀವರ್ ಸ್ಯಾಂಡರ್ಸ್ ಕಾವಲಿನ ಇಬ್ಬರನ್ನೂ ದಾಟಿ ಹೋಗಿದ್ದ, ಚೆಂಡು ಅವನಿಗಿಂತ ಮುಂದೆ ಬಿತ್ತು. ಮೂವರಲ್ಲಿ ಆ ಎಸೆತಕ್ಕೆ ಯಾರು ಅಂತ ಕೇಳಿದರೆ ನನ್ನ ಉತ್ತರ ಫೀಲ್ಡ್ಸ್. ಕಾಲೇಜಿನಲ್ಲಿ ಆಳದ ಚೆಂಡನ್ನು ಅಷ್ಟು ನಿಖರವಾಗಿ, ಅಷ್ಟು ಸಲ ಇಟ್ಟೋನು ಈ ಮೂವರಲ್ಲಿ ಬೇರೆ ಯಾರೂ ಇಲ್ಲ.

ಕುಂದಾಪ್ರ_ಕಾರ್ನರ್

ಒಂದು ವಿಷಯ ಎಲ್ಲರೂ ಬಿಟ್ಟಿದ್ದೀರಿ ಮಾರಾಯ್ರೆ. ಕೈಲ್ ಶ್ಯಾನಹನ್ ಇಂಥ ವ್ಯಾಪಾರ ಹತ್ತಿರದಿಂದ ನೋಡಿದ್ದು ಇದು ಮೊದಲಲ್ಲ. 2012ರಲ್ಲಿ ವಾಷಿಂಗ್ಟನ್‌ನಲ್ಲಿ ಅಪ್ಪ ಕೋಚ್, ಮಗ ಆಫೆನ್ಸ್ ನೋಡಿಕೊಳ್ತಿದ್ದ. 6ನೇ ಪಿಕ್, ಆ ವರ್ಷದ ಎರಡನೇ ಸುತ್ತು, ಮುಂದಿನ ಎರಡು ವರ್ಷದ ಮೊದಲ ಸುತ್ತು ಕೊಟ್ಟು 2ಕ್ಕೆ ಏರಿ ರಾಬರ್ಟ್ ಗ್ರಿಫಿನ್‌ನನ್ನು ತಂದರು. ಕೈಲ್ ಅವನಿಗಾಗಿ ಇಡೀ ಆಟ ತಿರುಗಿಸಿ ಪಿಸ್ತೂಲ್, ರೀಡ್ ಆಪ್ಷನ್ ಅನ್ನೋ, ಕ್ವಾರ್ಟರ್‌ಬ್ಯಾಕ್ ಓಡೋ ಆಟಗಳನ್ನು ತಂದು ಮೊದಲ ವರ್ಷವೇ ಡಿವಿಷನ್ ಗೆಲ್ಲಿಸಿದ. ಜನವರಿ 2013ರ ಸಿಯಾಟಲ್ ಪಂದ್ಯದಲ್ಲಿ ಮೊಣಕಾಲು ಹೋಯಿತು, ಗ್ರಿಫಿನ್ ಮತ್ತೆ ಮೊದಲಿನ ಹಾಗೆ ಆಗಲಿಲ್ಲ. ಅದೇ ಡ್ರಾಫ್ಟ್‌ನ ನಾಲ್ಕನೇ ಸುತ್ತಿನಲ್ಲಿ, 102ನೇ ಪಿಕ್‌ನಲ್ಲಿ ತಂದ ಕರ್ಕ್ ಕಸಿನ್ಸ್ ಇವತ್ತಿಗೂ ಆಡ್ತಿದ್ದಾನೆ. ಈ ವರ್ಷ ನಮ್ಮ ಕೈಯಲ್ಲೂ 102 ಇದೆ, ನಮ್ಮ ಸಹಾಯಕ ಕೋಚ್ ಸಾಲೇ ಜೆಟ್ಸ್‌ಗೆ ಕೋಚ್ ಆಗಿ ಹೋದದ್ದಕ್ಕೆ ಸಿಕ್ಕಿದ್ದು.

ಇದರಿಂದ ಎರಡು ಅರ್ಥ ತೆಗೀಬಹುದು. ಕೈಲ್ ಓಡೋ ಕ್ವಾರ್ಟರ್‌ಬ್ಯಾಕ್‌ಗೆ ಹೆದರೋ ಮನುಷ್ಯ ಅಲ್ಲ, ಅವನಿಗೆ ಬೇಕಾದ ಹಾಗೆ ಆಟ ಬರೀಬಲ್ಲ. ಆದರೆ ಓಟವನ್ನೇ ಅಡಿಪಾಯ ಮಾಡಿದರೆ ಒಂದು ಮೊಣಕಾಲಿಗೆ ಮೂರು ವರ್ಷದ ಪಿಕ್ ಹೋಗ್ತದೆ ಅಂತಲೂ ಅವನಿಗೆ ಗೊತ್ತು. ಹಾಗಾಗಿ ಯಾರನ್ನೇ ತಂದರೂ ವರ್ಷಕ್ಕೆ 60–70 ಓಟ ಸಾಕು, ಅದೂ ಮೂರನೇ ಡೌನ್ ಮತ್ತು ಗೆರೆಯ ಹತ್ತಿರ. ಎದುರಿನವರು ಹೆದರೋಕೆ ಅಷ್ಟೇ ಸಾಲ್ತದೆ. ಲ್ಯಾನ್ಸ್ ಜೇಮ್ಸ್ ಮ್ಯಾಡಿಸನ್ ಮೇಲೆ ಓಡಿದ ಹಾಗೆ 17 ಪಂದ್ಯ ಓಡಿಸಿದರೆ ನವೆಂಬರ್‌ಗೆ ಗಾಯದ ಪಟ್ಟಿಯಲ್ಲಿರ್ತಾನೆ.

ಧಾರವಾಡ_ಡೀಪ್‌ಬಾಲ್

ಅದಕ್ಕ ಮತ್ತ ನಾ ಫೀಲ್ಡ್ಸ್ ಅನ್ನೂದು. ಓಟ ಅಂವಗ ಎರಡನೇ ಮಾತು. ಮದಲ ಎಸೀತಾನ, ಆಗಲಿಲ್ಲ ಅಂದ್ರ ಓಡ್ತಾನ. ಲ್ಯಾನ್ಸ್‌ಗೆ ಇನ್ನೂ ಓಟನ ಮದಲು. ಇನ್ನ 2017ರಾಗ ಏನಾತು ಅನ್ನೂದು ನೆನಪಿರಲಿ. ಎರಡರಿಂದ ಮೂರಕ್ಕ ಇಳದು ಕ್ವಾರ್ಟರ್‌ಬ್ಯಾಕ್ ಮಹೋಮ್ಸ್‌ನೂ ಬಿಟ್ವಿ, ವಾಟ್ಸನ್‌ನೂ ಬಿಟ್ವಿ, ಸಾಲೊಮನ್ ಥಾಮಸ್‌ನ ತಂದ್ವಿ. ಕ್ಯಾನ್ಸಸ್ ಸಿಟಿ 27ರಿಂದ 10ಕ್ಕ ಏರಿ ಮಹೋಮ್ಸ್‌ನ ಒಯ್ತು, ಒಂದು ವರ್ಷ ಅಲೆಕ್ಸ್ ಸ್ಮಿತ್ ಹಿಂದ ಕುಂದರಿಸಿತು. ನಮ್ಮ ಕಡೆನೂ ಗರೋಪೊಲೊ ಅದಾನ. ಅಂವನ್ನ ಈಗ ಬಿಟ್ಟು ಕೊಡಬ್ಯಾಡ್ರಿ, ಒಂದು ವರ್ಷ ತಡೀರಿ.

ಕ್ಯಾಪ್_ಲೆಕ್ಕಿಗ

ಇಟ್ಟುಕೊಳ್ಳಬಹುದು, ನಮ್ಮ ಲೈನ್‌ನ ಟ್ರೆಂಟ್ ವಿಲಿಯಮ್ಸ್ ಒಪ್ಪಂದ ಆದಮೇಲೂ ಈ ವರ್ಷ ಜಾಗ ಇದೆ. ಆದರೆ ಅದು ಲ್ಯಾನ್ಸ್ ಬಂದರೆ ಮಾತ್ರ ಅರ್ಥಪೂರ್ಣ. ಜೋನ್ಸ್ ಬಂದರೆ ಸೆಪ್ಟೆಂಬರ್‌ನಲ್ಲೇ ಆಡಬೇಕು. ಸಿದ್ಧನಿದ್ದಾನೆ ಅನ್ನೋದೇ ಅವನ ಪರವಾಗಿರೋ ವಾದ ಅಂದಮೇಲೆ ಅವನನ್ನು ಕೂರಿಸಿ 26 ಮಿಲಿಯನ್ ಖರ್ಚು ಮಾಡೋದರಲ್ಲಿ ಹುರುಳಿಲ್ಲ. ಫೀಲ್ಡ್ಸ್ ಇಬ್ಬರ ನಡುವೆ, ಅಕ್ಟೋಬರ್ ಹೊತ್ತಿಗೆ ಇಳಿಸಬಹುದು.

ಎ_ಗ್ಯಾಪ್

ಕ್ವಾರ್ಟರ್‌ಬ್ಯಾಕ್ ಮಾತಲ್ಲಿ ಎರಡನೇ ಸುತ್ತಿನ ನಮ್ಮ 43ನೇ ಪಿಕ್ ಮರೀಬೇಡಿ. ಮೂರನೇ ಸುತ್ತಿನ ನಮ್ಮ ಸ್ವಂತ ಪಿಕ್ ಟ್ರೆಂಟ್ ವಿಲಿಯಮ್ಸ್‌ಗಾಗಿ ವಾಷಿಂಗ್ಟನ್‌ಗೆ ಹೋಗಿದೆ. 43 ಆದಮೇಲೆ 102ರವರೆಗೆ ಸುಮ್ಮನೆ ಕೂರಬೇಕು. ಆಮೇಲೆ 117, 155, 172, 180, 194, 230.

ಅಲೆಕ್ಸ್ ಮ್ಯಾಕ್ ಬಂದದ್ದರಿಂದ ಸೆಂಟರ್ ಈ ವರ್ಷಕ್ಕೆ ಚಿಂತೆಯಿಲ್ಲ, ಆದರೆ ಮ್ಯಾಕ್‌ಗೆ ವಯಸ್ಸು 35. ಬಲ ಗಾರ್ಡ್ (ಸೆಂಟರ್ ಪಕ್ಕದವನು) ಬ್ರನ್ಸ್‌ಕಿಲ್ ಓಟದ ಆಟಕ್ಕೆ ಪರವಾಗಿಲ್ಲ, ನೇರ ಒತ್ತೋ ದಪ್ಪ ಟ್ಯಾಕಲ್ (ಡಿಫೆನ್ಸ್ ಸಾಲಿನ ನಡುವಿನವನು) ಎದುರು ಹಿಂದೆ ಜಾರಿ ಕ್ವಾರ್ಟರ್‌ಬ್ಯಾಕ್ ಮಡಿಲಿಗೇ ಬಂದು ಬೀಳ್ತಾನೆ. ಎದುರಾಳಿ ಟ್ಯಾಕಲ್ ಆರನ್ ಡೊನಾಲ್ಡ್‌ನನ್ನು ವರ್ಷಕ್ಕೆ ಎರಡು ಸಲ ಎದುರಿಸೋ ಡಿವಿಷನ್ ನಮ್ಮದು. ಎಡ ಗಾರ್ಡ್ ಟಾಮ್ಲಿನ್ಸನ್‌ಗೆ ಇದು ಒಪ್ಪಂದದ ಕೊನೇ ವರ್ಷ. ಒಳಗಿನ ಮೂರು ಜಾಗದಲ್ಲಿ ಮುಂದಿನ ಮಾರ್ಚ್‌ಗೆ ಎರಡು ಖಾಲಿಯಾಗಬಹುದು.

ಹಾಗಾಗಿ 43ರಲ್ಲಿ ನನ್ನ ಮೊದಲ ಹೆಸರು ಒಕ್ಲಹೋಮಾದ ಕ್ರೀಡ್ ಹಂಫ್ರಿ. ಔಟ್‌ಸೈಡ್ ಜೋನ್‌ನಲ್ಲಿ ಸೆಂಟರ್‌ನ ಕಷ್ಟದ ಕೆಲಸ, ಸ್ನ್ಯಾಪ್ ಮಾಡಿದ ಕೂಡಲೇ ಪಕ್ಕಕ್ಕೆ ಹೆಜ್ಜೆ ಹಾಕಿ ತನ್ನ ಆಚೆ ಭುಜದ ಹೊರಗಿರೋ ಟ್ಯಾಕಲ್‌ನ ಮುಂದೆ ತಲೆ ತೂರಿಸೋದು. ಹಂಫ್ರಿಗೆ ಆ ಮೊದಲ ಹೆಜ್ಜೆಯ ವೇಗ ಇದೆ, ಕುಸ್ತಿ ಆಡಿದ ಮೈ. ತೊಡಕು ಒಂದೇ: ಅವನು ಎಡಗೈನಲ್ಲಿ ಸ್ನ್ಯಾಪ್ ಮಾಡೋನು. ಚೆಂಡಿನ ಸುತ್ತು ತಿರುಗುಮುರುಗು, ಸೆಂಟರ್ ಹಿಂದೆ ಕೈ ಇಡೋ ಕ್ವಾರ್ಟರ್‌ಬ್ಯಾಕ್‌ಗೆ ಲೇಸ್ ಬೇರೆ ಕಡೆ ಬಂದು ಕೂರ್ತದೆ. ಹೊಸ ಕ್ವಾರ್ಟರ್‌ಬ್ಯಾಕ್, ಹೊಸ ಸೆಂಟರ್ ಒಟ್ಟಿಗೆ ಅಭ್ಯಾಸ ಮಾಡಿದರೆ ಒಂದು ತಿಂಗಳ ಮಾತು.

ಲ್ಯಾಂಡನ್ ಡಿಕರ್ಸನ್ ಅವನಿಗಿಂತ ಬಲಶಾಲಿ, ಆದರೆ ಡಿಸೆಂಬರ್‌ನಲ್ಲಿ ಮೊಣಕಾಲಿನ ಎಸಿಎಲ್ ಹರಿದಿದೆ, ಕಾಲೇಜಿನ ಇತಿಹಾಸದಲ್ಲಿ ಬೇರೆ ಗಾಯಗಳೂ ಇವೆ. ನಮ್ಮ ತಂಡಕ್ಕೆ ಇನ್ನೊಂದು ಗಾಯದ ಫೈಲ್ ಬೇಡ. ವಿಸ್ಕಾನ್ಸಿನ್ ವೈಟ್‌ವಾಟರ್‌ನ ಕ್ವಿನ್ ಮೈನರ್ಜ್ ಮೂರನೇ ದರ್ಜೆ ಕಾಲೇಜಿನ ಹುಡುಗ, 2020ರಲ್ಲಿ ಅವರ ಸೀಸನ್ನೇ ನಡೀಲಿಲ್ಲ, ನೇರ ಸೀನಿಯರ್ ಬೌಲ್‌ಗೆ ಬಂದು ದೊಡ್ಡ ಕಾಲೇಜಿನ ಟ್ಯಾಕಲ್‌ಗಳನ್ನು ನೆಲಕ್ಕೊತ್ತಿದ. 102ಕ್ಕೆ ಉಳಿದರೆ ಕಣ್ಣು ಮುಚ್ಚಿ ತಗೊಳ್ಳಿ.

ನಾಟರ್‌ಡೇಮ್‌ನ ಆರನ್ ಬ್ಯಾಂಕ್ಸ್ ನಮ್ಮ ಎಲ್ ಸೆರಿಟೊ ಹೈಸ್ಕೂಲಿನ ಹುಡುಗ, ಪಾಸ್ ತಡೆಯೋದರಲ್ಲಿ ಗೋಡೆ. ಆದರೆ 325 ಪೌಂಡ್ ಹೊತ್ತು ಔಟ್‌ಸೈಡ್ ಜೋನ್‌ನಲ್ಲಿ ಲೈನ್‌ಬ್ಯಾಕರ್‌ವರೆಗೆ ಮುಟ್ಟೋದು ಕಷ್ಟ. ಡೊನಾಲ್ಡ್‌ಗೋಸ್ಕರ ಅವನು, ಮಾಸ್ಟರ್ಟ್‌ಗೋಸ್ಕರ ಹಂಫ್ರಿ, ಹೀಗೆ ಯೋಚಿಸಬೇಕು.

ಕುಂದಾಪ್ರ_ಕಾರ್ನರ್

ಗಾರ್ಡ್ ಸರಿ, ಆದರೆ ನಮ್ಮ ಕಾರ್ನರ್ ಶೆರ್ಮನ್‌ನ ಒಪ್ಪಂದ ಮುಗಿದಿದೆ. ವೆರೆಟ್, ಮೋಸ್ಲಿ, ಕೆವಾನ್ ವಿಲಿಯಮ್ಸ್ ಮೂವರನ್ನೇ ನಂಬಿ 17 ಪಂದ್ಯ ಹೇಗೆ? ವೆರೆಟ್ ಕಳೆದ ವರ್ಷ ಅದ್ಭುತವಾಗಿ ಆಡಿದ, ಅದಕ್ಕೆ ಮುಂಚಿನ ವರ್ಷಗಳ ಗಾಯದ ಪಟ್ಟಿ ಎಲ್ಲರಿಗೂ ಗೊತ್ತು. ಫ್ಲಾರಿಡಾ ಸ್ಟೇಟ್‌ನ ಅಸಾಂಟೆ ಸ್ಯಾಮ್ಯುಯೆಲ್ ಜೂನಿಯರ್ 43ಕ್ಕೆ ಸಿಕ್ಕರೆ ಬಿಡಬಾರದು. 5 ಅಡಿ 10 ಅಂಗುಲ ಅಂತ ಮೂಗು ಮುರೀಬೇಡಿ, ವೆರೆಟ್‌ನ ಎತ್ತರವೂ ಅಷ್ಟೇ. ಕ್ವಾರ್ಟರ್‌ಬ್ಯಾಕ್‌ನ ಕಣ್ಣು ನೋಡಿ ರಿಸೀವರ್ ಬಿಟ್ಟು ಚೆಂಡಿನ ಮೇಲೆ ಹಾರೋದು ಅಪ್ಪನಿಂದ ಬಂದ ಗುಣ. ಜೋನ್ (ಆಟಗಾರನ ಬದಲು ಜಾಗ ಕಾಯೋದು) ಆಡೋ ನಮಗೆ ಬೇಕಾದ್ದು ಅದೇ. ಅದೇ ಗುಣದಿಂದ ಎರಡು ಹಂತದ ರೂಟ್‌ಗೆ ಮೋಸಹೋಗ್ತಾನೆ, ಹಿಂದೆ ಸೇಫ್ಟಿ ಇರಬೇಕು.

ತಡವಾಗಿ ಸಿಗೋರಲ್ಲಿ ಸ್ಟ್ಯಾನ್‌ಫರ್ಡ್‌ನ ಪಾಲ್ಸನ್ ಅಡೇಬೊ, 2020 ಆಡಲಿಲ್ಲ ಅಂತ ಬೆಲೆ ಇಳಿದಿದೆ. ಸೇಫ್ಟಿಗೆ ಯುಎಸ್‌ಸಿಯ ಟಲನೋವಾ ಹುಫಾಂಗಾ, ಓಟದಲ್ಲಿ ನಿಧಾನ, ಆಟ ಓದೋದರಲ್ಲಿ ಬಹಳ ಚುರುಕು. 172ಕ್ಕೋ 180ಕ್ಕೋ ಇದ್ದರೆ ಲಾಭ.

ಔಟ್‌ಸೈಡ್‌ಜೋನ್_ಉಮೇಶ

ದಯವಿಟ್ಟು 43ರಲ್ಲಿ ರನ್ನಿಂಗ್ ಬ್ಯಾಕ್ ಮಾತ್ರ ಬೇಡ. ಮಾಸ್ಟರ್ಟ್, ಬ್ರೀಡಾ, ಜೆಫ್ ವಿಲ್ಸನ್ ಮೂವರೂ ಡ್ರಾಫ್ಟ್ ಆಗದೇ ಬಂದವರು. ನಮ್ಮ ಓಟಕ್ಕೆ ಬೇಕಿರೋದು ಒಂದೇ ಸಲ ಕಾಲು ಊರಿ ಸಂದಿಗೆ ನುಗ್ಗೋ ವೇಗ. ಲೂಯಿಸಿಯಾನಾದ ಎಲೈಜಾ ಮಿಚೆಲ್ ಪ್ರೊ ಡೇನಲ್ಲಿ 40 ಗಜವನ್ನು 4.4 ಸೆಕೆಂಡಿನೊಳಗೆ ಓಡಿದ್ದಾನೆ, ಆರನೇ ಸುತ್ತಿನ ಬೆಲೆಗೆ ಸಿಗ್ತಾನೆ. ಟ್ರೇ ಸರ್ಮನ್ ನಾರ್ತ್‌ವೆಸ್ಟರ್ನ್ ಮೇಲೆ 331 ಗಜ ಓಡಿದ್ದಕ್ಕೆ ಎಲ್ಲರೂ ಮರುಳಾಗಿದ್ದಾರೆ. ಒಳ್ಳೇ ಆಟಗಾರ, ಆದರೆ ಅವನಿಗಾಗಿ ಪಿಕ್ ಸೇರಿಸಿ ಮೇಲೆ ಏರೋ ಅಗತ್ಯ ಇಲ್ಲ.

ಕ್ಯಾಪ್_ಲೆಕ್ಕಿಗ

43ರ ಬಗ್ಗೆ ಕೊನೇ ಸಲಹೆ. ಹಂಫ್ರಿ, ಸ್ಯಾಮ್ಯುಯೆಲ್, ಬ್ಯಾಂಕ್ಸ್ ಮೂವರೂ ಆಗ ಇನ್ನೂ ಉಳಿದಿದ್ದರೆ ಐದು ಸ್ಥಾನ ಇಳೀರಿ. 43ಕ್ಕೆ 470 ಅಂಕ, 48ಕ್ಕೆ 420. ಆ 50 ಅಂಕಕ್ಕೆ 120ರ ಸುತ್ತ ನಾಲ್ಕನೇ ಸುತ್ತಿನ ಒಂದು ಪಿಕ್ ಬರುತ್ತೆ. ಮುಂದಿನ ಎರಡು ವರ್ಷ ಮೊದಲ ಸುತ್ತೇ ಇಲ್ಲದ ತಂಡಕ್ಕೆ ನಾಲ್ಕು, ಐದನೇ ಸುತ್ತಲ್ಲಿ ಸಿಗೋ ಪ್ರತಿ ಹುಡುಗನೂ ಮುಖ್ಯ. ಕಿಟಲ್ ಬಂದದ್ದು ಐದರಲ್ಲಿ, ಗ್ರೀನ್‌ಲಾ ಐದರಲ್ಲಿ.

ಮೂರಕ್ಕೆ ನನ್ನ ಕ್ರಮ: ಫೀಲ್ಡ್ಸ್, ಲ್ಯಾನ್ಸ್, ಜೋನ್ಸ್.

ಟೇಪ್_ತಿಮ್ಮ

ನನ್ನದು ಜೋನ್ಸ್, ಫೀಲ್ಡ್ಸ್, ಲ್ಯಾನ್ಸ್. ಲ್ಯಾನ್ಸ್ ಬಂದರೆ ಒಂದು ಬೇಡಿಕೆ: ಈ ವರ್ಷ ಪೂರ್ತಿ ಅಭ್ಯಾಸದಲ್ಲಿ ಆ ಎಡಗಾಲು ತಿದ್ದಲಿ, ರೆಡ್ ಜೋನ್‌ನಲ್ಲಿ (ಎದುರಾಳಿ ಗೆರೆಗೆ ಕೊನೇ 20 ಗಜ) ಎರಡು ಮೂರು ಆಟಕ್ಕೆ ಮಾತ್ರ ಇಳಿಸಲಿ. ಕಾಲೇಜಿನಲ್ಲಿ ಒಟ್ಟು 318 ಸಲ ಮಾತ್ರ ಎಸೆದಿರೋ ಹುಡುಗನಿಗೆ ಬೇಕಾಗಿರೋದು ಎಸೆತಗಳು, ಗಾಯದಿಂದ ಅವನು ಕೂರೋ ಹಾಗಾದರೆ ಅವು ಯಾವತ್ತೂ ಸಿಗೋದಿಲ್ಲ.

ಔಟ್‌ಸೈಡ್‌ಜೋನ್_ಉಮೇಶ

ಅದಕ್ಕೆ ನನ್ನ ಪೂರ್ಣ ಒಪ್ಪಿಗೆ. ಲ್ಯಾನ್ಸ್, ಫೀಲ್ಡ್ಸ್, ಜೋನ್ಸ್. 43ರಲ್ಲಿ ಹಂಫ್ರಿ.